‘ಉದ್ಯೋಗದಾತ’: ದಾನವೋ, ಋಣವೋ?

ಸಂತೇಬೆನ್ನೂರು ಸೀಮೆಯ ಅಡಿಕೆ ತೋಟಗಳಲ್ಲಿ ಆಳು ಕರೆಸುವವನು ‘ಯಜಮಾನ’. ಪತ್ರಿಕೆಗಳ ಭಾಷೆಯಲ್ಲಿ ಅವನೇ ‘ಉದ್ಯೋಗದಾತ’. ಇವೆರಡೂ ಸಮಾನಾರ್ಥಕಗಳಲ್ಲ.

ಹಳಗನ್ನಡದಲ್ಲಿ ‘ಆಳ್’ ಎಂದರೆ ಸೇವಕ, ಭಟ; ‘ಆಳ್ದ’ ಎಂದರೆ ಒಡೆಯ. ಇವರ ನಡುವಣ ಬಾಂಧವ್ಯವೇ ಪಂಪನ ಕಾವ್ಯದ (ಕ್ರಿ.ಶ. 941) ‘ಜೋಳದ ಪಾಳಿ’. ಅಲ್ಲಿ ಉಂಡವನು ಋಣಿ. ವೈದಿಕ ಮೂಲದ ‘ಯಜಮಾನ’ ಪದದಲ್ಲಿ ಈ ಋಣ ತಿರುವುಮುರುವಾಗಿದೆ: ಋತ್ವಿಜರಿಂದ ಯಜ್ಞ ಮಾಡಿಸಿದವನು ದಕ್ಷಿಣೆ ಕೊಡದಿದ್ದರೆ ಯಜ್ಞವೇ ಅಪೂರ್ಣ. ಅಲ್ಲಿ ಮಾಡಿಸಿದವನೇ ಋಣಿ.

‘ದಾತ’ನಾದರೋ ಯಾರಿಗೂ ಋಣಿಯಲ್ಲ. ಜೈನ ಪರಂಪರೆ ಹೇಳುವ ಚತುರ್ವಿಧ ದಾನಗಳು ಆಹಾರ, ಅಭಯ, ಔಷಧ, ಶಾಸ್ತ್ರ, ಕೂಲಿ ಇವುಗಳಲ್ಲಿಲ್ಲ. 1948ರ ಕನಿಷ್ಠ ವೇತನ ಕಾಯಿದೆಯೂ ಕೂಲಿಯನ್ನು ಹಕ್ಕೆಂದೇ ಬಗೆಯಿತು. ದಾನ ಪಡೆದವನು ಲೆಕ್ಕ ಕೇಳಲಾರ, ದುಡಿದವನು ಕೇಳಬೇಕು. ಆದ್ದರಿಂದ ‘ನಿಯೋಜಕ’ ಎಂಬ ಪದವೇ ನ್ಯಾಯವಾದುದು.