ವೆಬ್ ತಂತ್ರಾಂಶದ ಕಾನ್ಫಿಗರೇಷನ್‌ಗೂ ಬೇಕು ಲೆಕ್ಕಪುಸ್ತಕದ ಶಿಸ್ತು

2025ರ ಸೆಪ್ಟೆಂಬರ್ 22ರಂದು ಸರಕು ಮತ್ತು ಸೇವಾ ತೆರಿಗೆಯ ದರಗಳು ಬದಲಾದವು. ತುಪ್ಪ, ಬೆಣ್ಣೆಗಳ ದರ ಶೇ. 12ರಿಂದ 5ಕ್ಕೂ, ಸಿಮೆಂಟಿನ ದರ ಶೇ. 28ರಿಂದ 18ಕ್ಕೂ ಇಳಿಯಿತು. ಕೈಬರಹದ ಬಿಲ್ ಪುಸ್ತಕದ ಕಾಲದಲ್ಲಾಗಿದ್ದರೆ ಗುಮಾಸ್ತನಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ವೆಬ್ ತಂತ್ರಾಂಶದಲ್ಲಿ ಬಿಲ್ ಮಾಡುವ ವರ್ತಕನ ಮುಂದಿರುವ ಪ್ರಶ್ನೆಯೇ ಬೇರೆ: ಈ ದರವು ತಂತ್ರಾಂಶದೊಳಗೆ ಎಷ್ಟು ಕಡೆ ನಮೂದಾಗಿದೆ?

ತಂತ್ರಾಂಶದ ಮೂಲ ಬರಹವನ್ನು ಮುಟ್ಟದೆ ಅದರ ನಡವಳಿಕೆಯನ್ನು ನಿರ್ದೇಶಿಸುವ ಪಟ್ಟಿಯೇ ಕಾನ್ಫಿಗರೇಷನ್ ಕಡತ. ಆರಂಭದಲ್ಲಿ ಅದು ಹತ್ತಿಪ್ಪತ್ತು ಸಾಲುಗಳದ್ದಾಗಿರುತ್ತದೆ. ಶಾಖೆ, ಗೋದಾಮು, ಮೊಬೈಲ್ ಆರ್ಡರ್, ಇ-ಇನ್‌ವಾಯ್ಸ್ ಒಂದೊಂದಾಗಿ ಸೇರಿದಂತೆ, ಹಳೆಯ ಕಡತವನ್ನೇ ನಕಲು ಮಾಡಿ ಹೊಸದನ್ನು ಸೃಷ್ಟಿಸುವ ಪರಿಪಾಠ ಬೆಳೆಯುತ್ತದೆ. ಒಂದೇ ಸಂಗತಿ ನಾಲ್ಕು ಕಡತಗಳಲ್ಲಿ ಕುಳಿತಿರುತ್ತದೆ. ಮೂರನ್ನು ತಿದ್ದಿ ನಾಲ್ಕನೆಯದನ್ನು ಮರೆಯುವುದು ಸಹಜ. ಕಡಿಮೆ ವಸೂಲಾದ ತೆರಿಗೆಯನ್ನು ವರ್ತಕನೇ ಕೈಯಿಂದ ತುಂಬಬೇಕು. ಹೆಚ್ಚಾಗಿ ವಸೂಲಾದದ್ದು ಸರ್ಕಾರಕ್ಕೆ ಸಲ್ಲಬೇಕು. ಜೊತೆಗೆ ಗ್ರಾಹಕನ ವಿಶ್ವಾಸವೂ ಹೋಗುತ್ತದೆ.

ದೊಡ್ಡ ಸಂಸ್ಥೆಗಳೂ ಇದಕ್ಕೆ ಹೊರತಲ್ಲ. 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟು ಸಂಸ್ಥೆಯ ಎಂಟು ಸರ್ವರ್‌ಗಳ ಪೈಕಿ ಒಂದಕ್ಕೆ ಹೊಸ ತಂತ್ರಾಂಶವನ್ನು ಅಳವಡಿಸಿರಲಿಲ್ಲ. ಹಿಂದೆ ಬೇರೊಂದು ಕಾರ್ಯಕ್ಕಿದ್ದ ಗುರುತನ್ನೇ ಹೊಸ ಕಾರ್ಯಕ್ಕೂ ಬಳಸಿದ್ದರಿಂದ, ಆ ಸರ್ವರ್‌ನಲ್ಲಿ ನಿರುಪಯುಕ್ತವಾಗಿದ್ದ ಹಳೆಯ ಭಾಗ ಚಾಲನೆಗೊಂಡಿತು. ಸುಮಾರು 45 ನಿಮಿಷಗಳಲ್ಲಿ ಆದ ನಷ್ಟ 40 ಕೋಟಿ ಡಾಲರಿಗೂ ಅಧಿಕ.

ಪರಿಹಾರವು ವಿಂಗಡಣೆಯಲ್ಲಿದೆ. ಬಂಡವಾಳ, ವೆಚ್ಚ, ಮುಂಗಡಗಳನ್ನು ಒಂದೇ ಖಾತೆಯಲ್ಲಿ ಬರೆಯುವವರಿಲ್ಲ. ಇಲ್ಲಿಯೂ ಹಾಗೆಯೇ ಮೂರು ವರ್ಗಗಳನ್ನು ಬೇರ್ಪಡಿಸಬೇಕು.

ಮೊದಲನೆಯದು ವ್ಯವಹಾರದ ನಿಯಮಗಳು. ತೆರಿಗೆ ದರ, ವಹಿವಾಟಿನ ಮಿತಿ ಮುಂತಾದವು ಕಡತದಲ್ಲಿರದೆ, ಜಾರಿಯ ದಿನಾಂಕದೊಡನೆ ಒಂದೇ ಕೋಷ್ಟಕದಲ್ಲಿರಬೇಕು. ಹಳೆಯ ದರವನ್ನು ಅಳಿಸಲಾಗದು. ಶೇ. 12ರ ದರದಲ್ಲಿ ಮಾರಿದ ತುಪ್ಪ ದರ ಬದಲಾದ ಮೇಲೆ ಹಿಂದಿರುಗಿದರೆ, ಕ್ರೆಡಿಟ್ ನೋಟ್ ಹಳೆಯ ದರದಲ್ಲಿಯೇ ಆಗಬೇಕು. ಇ-ಇನ್‌ವಾಯ್ಸ್‌ನ ಮಿತಿಯು 2020ರ ಅಕ್ಟೋಬರ್‌ನಲ್ಲಿದ್ದ 500 ಕೋಟಿ ರೂಪಾಯಿಗಳಿಂದ ಹಂತಹಂತವಾಗಿ 2023ರ ಆಗಸ್ಟ್‌ಗೆ 5 ಕೋಟಿಗೆ ಇಳಿದದ್ದನ್ನು ಸ್ಮರಿಸಿದರೆ, ಬದಲಾವಣೆಯೇ ನಿಯಮವೆಂಬುದು ಸ್ಪಷ್ಟವಾಗುತ್ತದೆ.

ಎರಡನೆಯದು ಸ್ಥಳಾನುಸಾರ ಬದಲಾಗುವ ವಿವರಗಳು. ಪ್ರಯೋಗದ ಸರ್ವರ್‌ನ ವಿಳಾಸ ಬೇರೆ, ನೈಜ ವ್ಯವಹಾರದ ವಿಳಾಸ ಬೇರೆ. ಎಲ್ಲಕ್ಕೂ ಸಮಾನವಾದದ್ದು ಒಂದು ಮೂಲ ಕಡತದಲ್ಲಿರಲಿ. ಆಯಾ ಸ್ಥಳದ ಕಡತದಲ್ಲಿ ವ್ಯತ್ಯಾಸವಷ್ಟೇ ಇರಲಿ.

ಮೂರನೆಯದು ರಹಸ್ಯಗಳು. ಗುಪ್ತಪದ, ಪಾವತಿ ಗೇಟ್‌ವೇಯ ಕೀಲಿಗಳು ತಿಜೋರಿಯ ಕೀಲಿಗೆ ಸಮ. ತಂತ್ರಾಂಶದ ಬರಹದೊಡನೆ ಇಡತಕ್ಕವಲ್ಲ. 2016ರಲ್ಲಿ ಊಬರ್ ಸಂಸ್ಥೆಯ ಸುಮಾರು 5.7 ಕೋಟಿ ಜನರ ಮಾಹಿತಿ ಕಳುವಾದದ್ದು, ಅದರ ತಂತ್ರಾಂಶ ಸಂಗ್ರಹದಲ್ಲಿ ಬಿಟ್ಟಿದ್ದ ಇಂತಹ ಕೀಲಿಯಿಂದಲೇ.

ಇಷ್ಟಾದ ಮೇಲೂ ಉಳಿಯುವುದು ನಿಯಂತ್ರಣದ ಪ್ರಶ್ನೆ. ಕಂಪನಿಗಳ ಲೆಕ್ಕ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡು ದಾಖಲಾಗಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಉದ್ದೇಶ ಲೆಕ್ಕಪುಸ್ತಕಗಳಾದರೂ, ಕಾನ್ಫಿಗರೇಷನ್‌ಗೂ ಅದೇ ಶಿಸ್ತು ಒಪ್ಪುತ್ತದೆ. ಯಾರು, ಯಾವಾಗ, ಏತಕ್ಕಾಗಿ ತಿದ್ದಿದರೆಂಬುದು ದಾಖಲಾಗಬೇಕು, ತಿದ್ದಿದವನೇ ಅನುಮೋದಿಸಬಾರದು.

ಸಣ್ಣ ವರ್ತಕರಿಗೆ ಇದು ಹೊರೆಯೆಂಬ ಆಕ್ಷೇಪ ಸಹಜ. ಆದರೆ ಇದಕ್ಕೆ ಬೇಕಾದದ್ದು ಹೊಸ ಯಂತ್ರವಲ್ಲ, ಕರಾರುಪತ್ರದಲ್ಲಿ ಒಂದು ಷರತ್ತು. ತಂತ್ರಾಂಶ ಒದಗಿಸುವವರಿಗೆ ಬಾಕಿ ಹಣ ಪಾವತಿಸುವ ಮುನ್ನ, ಯಾವ ವಿವರ ಎಲ್ಲಿದೆಯೆಂಬ ಪಟ್ಟಿಯನ್ನು ಲಿಖಿತವಾಗಿ ಪಡೆಯುವುದು ಮಾಲೀಕರ ಹಕ್ಕು. ದರ ಮತ್ತೆ ಬದಲಾಗುವ ಹಿಂದಿನ ರಾತ್ರಿ ಆ ಪಟ್ಟಿಯನ್ನು ಹುಡುಕಹೊರಟರೆ ತಡವಾದೀತು.