ಕಾಡು ಒಂದು, ಗೆರೆ ಮೂರು

ದೇಸೂರ ದಾಟಿ ಖಾನಾಪುರದಾಚೆ ಸಾಗಿದಂತೆ ಬಯಲು ಮುಗಿದು ಸಹ್ಯಾದ್ರಿಯ ಮಳೆಕಾಡು ಶುರುವಾಗುತ್ತದೆ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ತಿರುಗಿದರೆ, ಇದೇ ಖಾನಾಪುರ ತಾಲ್ಲೂಕಿನ ಮಹದಾಯಿ ಗೋವಾಕ್ಕೆ ಇಳಿಯುತ್ತದೆ. ಎರಡನ್ನೂ ಪೊರೆಯುವ ಕಾಡು ಒಂದೇ. ಆಡಳಿತ ಮಾತ್ರ ಮೂರು. ನಮ್ಮ ಕರ್ನಾಟಕದಲ್ಲಿ 2011ರ ಭೀಮಗಡ ಅಭಯಾರಣ್ಯ, ಗೋವಾದಲ್ಲಿ 1999ರ ಮಹದಾಯಿ ಅಭಯಾರಣ್ಯ, ಮಹಾರಾಷ್ಟ್ರದಲ್ಲಿ ತಿಲಾರಿ ಸಂರಕ್ಷಣಾ ಮೀಸಲು. ಹುಲಿಗೆ ಈ ಗೆರೆಗಳು ಗೊತ್ತಿಲ್ಲ. 2020ರ ಜನವರಿಯಲ್ಲಿ ಗೋವಾದ ಕಡೆ ನಾಲ್ಕು ಹುಲಿಗಳು ಸತ್ತಾಗ ಬಡವಾದದ್ದು ಇಡೀ ಕಾಡು. ಹೀಗಿರುವಾಗ ಗಸ್ತು, ಕಾಳ್ಗಿಚ್ಚಿನ ಎಚ್ಚರಿಕೆ, ಪ್ರಾಣಿ ಗಣತಿಗಳನ್ನು ಮೂರೂ ರಾಜ್ಯಗಳು ಒಟ್ಟಾಗಿ ನಡೆಸುವುದೇ ವಿವೇಕ.

ಮಹದಾಯಿ ನೀರಿನ ವ್ಯಾಜ್ಯ ಮುಗಿಯದೆ ಕಾಡಿನ ಮಾತೇಕೆ ಎಂಬ ಆಕ್ಷೇಪವಿದೆ. 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ನೀರು ಹಂಚಿದರೂ ಜಗಳ ನಿಂತಿಲ್ಲ, ನಿಜ. ಆದರೆ ಮಳೆಯನ್ನು ಹಿಡಿದಿಟ್ಟು ಮೆಲ್ಲಗೆ ಬಿಡುವ ಕಾಡು ಬರಿದಾದರೆ ಬೇಸಿಗೆಯಲ್ಲಿ ಹಂಚಿಕೊಳ್ಳಲು ಉಳಿಯುವುದೇನು? ಕಾಡು ಉಳಿಸುವುದೆಂದರೆ ಕಾಡಂಚಿನವರನ್ನು ಎಬ್ಬಿಸುವುದೇ ಎಂಬ ಭಯವೂ ನ್ಯಾಯವಾದದ್ದು. 2006ರ ಅರಣ್ಯ ಹಕ್ಕು ಕಾಯ್ದೆಯನ್ನು ಗೌರವಿಸಿ, ಗ್ರಾಮಸಭೆಗಳ ಒಪ್ಪಿಗೆ ಪಡೆದೇ ಹೆಜ್ಜೆ ಇಡಬೇಕು. ಗಡಿ ಮೀರಿದ ಇಂಥ ಯತ್ನ ಹೊಸದೇನಲ್ಲ: ಬೋರ್ನಿಯೊದ ಮಳೆಕಾಡಿಗಾಗಿ ಬ್ರುನೈ, ಇಂಡೊನೇಷ್ಯಾ, ಮಲೇಷ್ಯಾ 2007ರಲ್ಲಿ ಒಂದೇ ಘೋಷಣೆಗೆ ಸಹಿ ಹಾಕಿದವು. ಅಲ್ಲಿಯೂ ಕೊಡಲಿ ನಿಂತಿಲ್ಲ. ಸಹಿಯಷ್ಟೇ ಸಾಲದೆಂಬುದು ಅದರ ಪಾಠ. ಆದರೂ ಮೂರು ದೇಶಗಳು ಒಂದೆಡೆ ಕೂರಬಹುದಾದರೆ, ಒಂದೇ ಸಂವಿಧಾನದ ಮೂರು ರಾಜ್ಯಗಳಿಗೆ ಇರುವ ಅಡ್ಡಿ ಮನಸ್ಸಿನದೇ ಹೊರತು ಕಾನೂನಿನದಲ್ಲ.