ಗೇರುಸೊಪ್ಪೆಯ ಬೆಳ್ಳಿ ಮತ್ತು ನಮ್ಮ ನಿಧಿಯಾಸೆ

ಶರಾವತಿಯ ದಂಡೆಯ ಗೇರುಸೊಪ್ಪೆ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿ ಮತ್ತು ಚತುರ್ಮುಖ ಬಸದಿ. ಆದರೆ ಸಾಗರದಾಳದಲ್ಲಿ ನಿಧಿ ಅರಸುವವರ ಲೋಕದಲ್ಲಿ ಆ ಹೆಸರಿಗೆ ಬೇರೆಯೇ ಅರ್ಥವಿದೆ. ಈ ಊರಿನ ಹೆಸರು ಹೊತ್ತ ‘ಎಸ್.ಎಸ್. ಗೇರ್‌ಸೊಪ್ಪ’ ಎಂಬ ಬ್ರಿಟಿಷ್ ಸರಕು ನೌಕೆ ಬೆಳ್ಳಿ, ಕಬ್ಬಿಣ ಹಾಗೂ ಚಹಾ ಹೇರಿಕೊಂಡು ಕಲ್ಕತ್ತೆಯಿಂದ ಬ್ರಿಟನ್ನಿಗೆ ಹೊರಟಿತ್ತು. 1941ರ ಫೆಬ್ರುವರಿಯಲ್ಲಿ, ಕಲ್ಲಿದ್ದಲು ಸಾಲದೆ ಬೆಂಗಾವಲು ತಂಡದಿಂದ ಬೇರ್ಪಟ್ಟು ಐರ್ಲೆಂಡಿನತ್ತ ತಿರುಗಿದಾಗ, ಜರ್ಮನ್ ಜಲಾಂತರ್ಗಾಮಿಯೊಂದರ ದಾಳಿಗೆ ಸಿಕ್ಕಿ ಅಟ್ಲಾಂಟಿಕ್‌ನಲ್ಲಿ ಮುಳುಗಿತು. ಹಡಗಿನಲ್ಲಿದ್ದ 86 ಜನರಲ್ಲಿ ಬದುಕುಳಿದವರು ಒಬ್ಬ ಅಧಿಕಾರಿ ಮಾತ್ರ.

ಎಪ್ಪತ್ತು ವರ್ಷಗಳ ನಂತರ, 2011ರಲ್ಲಿ, ಅಮೆರಿಕದ ಒಡಿಸ್ಸಿ ಮರೀನ್ ಎಕ್ಸ್‌ಪ್ಲೊರೇಷನ್ ಸಂಸ್ಥೆ ಸುಮಾರು 4,700 ಮೀಟರ್ ಆಳದಲ್ಲಿ ಈ ನೌಕೆಯನ್ನು ಪತ್ತೆಹಚ್ಚಿತು. 2012 ಮತ್ತು 2013ರಲ್ಲಿ ಅಲ್ಲಿಂದ ಮೇಲೆ ಬಂದ ಬೆಳ್ಳಿ ಗಟ್ಟಿಗಳು 2,792; ತೂಕ ಸುಮಾರು 110 ಟನ್. ಖರ್ಚು ಕಳೆದು ಉಳಿದುದರಲ್ಲಿ ಶೇಕಡ 80ರಷ್ಟು ಸಂಸ್ಥೆಗೆ, ಮಿಕ್ಕದ್ದು ಬ್ರಿಟಿಷ್ ಸರ್ಕಾರಕ್ಕೆ ಎಂಬುದು ಮೊದಲೇ ಆಗಿದ್ದ ಒಪ್ಪಂದ.

ಇಂಥ ಸುದ್ದಿ ಓದಿದಾಗ ನಮ್ಮ ಕಣ್ಣು ಸಹಜವಾಗಿಯೇ ಬೆಳ್ಳಿಯ ಮೇಲೆ ನಿಲ್ಲುತ್ತದೆ. ಆದರೆ ಗಮನಿಸಬೇಕಾದ ಸಂಗತಿ ಬೇರೆಯಿದೆ. ಮುಳುಗಿದ ಹಡಗಿನ ಶೋಧ ಮೊದಲಾಗುವುದು ಸಮುದ್ರದಲ್ಲಿ ಅಲ್ಲ, ದಾಖಲೆಗಳ ಭಂಡಾರದಲ್ಲಿ. ಸ್ಪೇನಿನ ‘ಅತೋಚಾ’ ನೌಕೆಯ ಕಥೆ ಇದಕ್ಕೆ ಒಳ್ಳೆಯ ಸಾಕ್ಷಿ. 1622ರಲ್ಲಿ ಫ್ಲಾರಿಡಾದ ಬಳಿ ಚಂಡಮಾರುತಕ್ಕೆ ಸಿಕ್ಕಿ ಮುಳುಗಿದ ಆ ಹಡಗನ್ನು ಮೆಲ್ ಫಿಷರ್ ಎಂಬಾತ ಮೊದಲು ತಪ್ಪು ಜಾಗದಲ್ಲಿ ಹುಡುಕುತ್ತಿದ್ದ. ಸೆವಿಲ್ ನಗರದ ಇಂಡೀಸ್ ಪತ್ರಾಗಾರದಲ್ಲಿ ಹಳೆಯ ಸ್ಪ್ಯಾನಿಷ್ ಕಡತಗಳನ್ನು ಓದಿದ ಇತಿಹಾಸಕಾರ ಯೂಜೀನ್ ಲಯನ್, ಅದು ಮಾರ್ಕ್ವೆಸಸ್ ದ್ವೀಪಗಳ ಸಮೀಪ ಮುಳುಗಿದೆ ಎಂಬುದನ್ನು ತೋರಿಸಿಕೊಟ್ಟರು. 1985ರಲ್ಲಿ ನಿಧಿ ಸಿಕ್ಕಿತು. ಅಷ್ಟರೊಳಗೆ ಫಿಷರ್ ತನ್ನ ಮಗ ಮತ್ತು ಸೊಸೆಯನ್ನು ಅದೇ ಸಮುದ್ರದಲ್ಲಿ ಕಳೆದುಕೊಂಡಿದ್ದ.

ಕಡತಗಳು ನಿಧಿಯ ದಾರಿ ತೋರಿಸುವಂತೆಯೇ ಅದು ಯಾರದೆಂಬುದನ್ನೂ ಹೇಳುತ್ತವೆ. 1804ರಲ್ಲಿ ಮುಳುಗಿದ ಸ್ಪೇನಿನ ‘ಮರ್ಸಿಡಿಸ್’ ನೌಕೆಯಿಂದ ಒಡಿಸ್ಸಿ ಸಂಸ್ಥೆ 2007ರಲ್ಲಿ ಸುಮಾರು 17 ಟನ್ ನಾಣ್ಯಗಳನ್ನು ಎತ್ತಿ ಅಮೆರಿಕಕ್ಕೆ ಸಾಗಿಸಿತ್ತು. ಅದು ತನ್ನ ನೌಕಾಪಡೆಯ ಹಡಗೆಂದು ಸ್ಪೇನ್ ಅಮೆರಿಕದ ನ್ಯಾಯಾಲಯಗಳಲ್ಲಿ ಸಾಧಿಸಿತು. 2012ರಲ್ಲಿ ನಾಣ್ಯಗಳು ಸ್ಪೇನಿಗೆ ಮರಳಿದವು. ಎರಡು ಶತಮಾನ ಕಾಗದಗಳನ್ನು ಜೋಪಾನ ಮಾಡಿದ ದೇಶಕ್ಕೆ ದೊರೆತ ಫಲ ಇದು.

ನಮ್ಮಲ್ಲಿ ನಿಧಿಯ ಸುಳಿವು ಎಲ್ಲಿಂದ ಬರುತ್ತದೆ? ಅಂಜನದಿಂದ, ಕನಸಿನಿಂದ, ಅಮಾವಾಸ್ಯೆಯ ಪೂಜೆಯಿಂದ. ಇದು ಹಳ್ಳಿಗರ ಮೌಢ್ಯ ಮಾತ್ರ ಎಂದು ನಗರದವರು ನಗುವಂತಿಲ್ಲ. ಉತ್ತರ ಪ್ರದೇಶದ ದೌಂಡಿಯಾ ಖೇಡಾದಲ್ಲಿ ಸಾವಿರ ಟನ್ ಚಿನ್ನವಿದೆ ಎಂದು ಸಾಧುವೊಬ್ಬರಿಗೆ ಕನಸು ಬಿದ್ದ ಬೆನ್ನಿಗೇ, 2013ರಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯೇ ಅಲ್ಲಿ ಅಗೆಯಲು ನಿಂತಿತು. ಚಿನ್ನ ಸಿಗಲಿಲ್ಲ.

ಕರ್ನಾಟಕದಲ್ಲಿ ಈ ಆಸೆ ತೆತ್ತಿರುವ ಬೆಲೆ ಇನ್ನೂ ದೊಡ್ಡದು. 2019ರ ಜುಲೈನಲ್ಲಿ ಆನೆಗೊಂದಿ ಬಳಿಯ ನವಬೃಂದಾವನದಲ್ಲಿ ವ್ಯಾಸರಾಯರ ಬೃಂದಾವನವನ್ನೇ ನಿಧಿಗಳ್ಳರು ಒಡೆದರು. ಎಲ್ಲವನ್ನೂ ತೊರೆದ ಯತಿಯೊಬ್ಬರ ಸಮಾಧಿಯಲ್ಲಿ ಚಿನ್ನವಿದ್ದೀತೆಂದು ನಂಬುವ ಬುದ್ಧಿಗೆ ಏನೆನ್ನಬೇಕು? ಅದು ಪ್ರಸಿದ್ಧ ಕ್ಷೇತ್ರವಾದ್ದರಿಂದ ನಾಡು ಮರುಗಿತು, ಭಕ್ತರು ಸೇರಿ ಮತ್ತೆ ಕಟ್ಟಿದರು. ಊರಾಚೆಯ ಪಾಳುಗುಡಿಯಲ್ಲಿ ಕಿತ್ತುಬಿದ್ದ ಪಾಣಿಪೀಠಕ್ಕೆ, ಹೊಲದ ಬದುವಿನಲ್ಲಿ ಒಡೆದ ವೀರಗಲ್ಲಿಗೆ ಮರುಗುವವರು ಯಾರು? ಶಾಸನದ ನೆತ್ತಿಯ ಸೂರ್ಯ-ಚಂದ್ರರನ್ನು ನಿಧಿಯ ಗುರುತೆಂದು ಭಾವಿಸುವವರಿದ್ದಾರೆ. ಅವು ಇರುವವರೆಗೆ ಈ ದಾನ ಇರಲಿ ಎಂಬುದಷ್ಟೇ ಆ ಚಿತ್ರದ ಅರ್ಥ. ಕಲ್ಲಿನ ಮೇಲಿನದನ್ನು ಓದಲಾರದವನು ಕಲ್ಲಿನ ಕೆಳಗೆ ಅಗೆಯುತ್ತಾನೆ.

ಒಂದು ಶಾಸನ ಒಡೆದರೆ ಹೋಗುವುದು ಕಲ್ಲಷ್ಟೇ ಅಲ್ಲ. ಯಾವ ಕೆರೆಗೆ ಯಾರು ಭೂಮಿ ಬಿಟ್ಟರು, ಯಾವ ಸುಂಕ ಯಾರಿಗೆ ಮನ್ನಾ ಆಯಿತು ಎಂಬ, ಬೇರೆಲ್ಲೂ ಪ್ರತಿಯಿಲ್ಲದ ದಾಖಲೆ ಅಳಿಸಿಹೋಗುತ್ತದೆ. ನೆಲದಲ್ಲಿ ಸಿಕ್ಕ ನಾಣ್ಯಗಳ ಮಾತೂ ಹಾಗೆಯೇ. ಯಾವ ಪದರದಲ್ಲಿ, ಯಾವ ಮಡಕೆಯಲ್ಲಿ, ಯಾವುದರ ಜತೆ ಸಿಕ್ಕಿತೆಂಬುದು ತಿಳಿದರೆ ಅದು ಇತಿಹಾಸ. ತಿಳಿಯದಿದ್ದರೆ ಅಕ್ಕಸಾಲಿಗನ ತಕ್ಕಡಿಗೆ ಬೀಳುವ ಲೋಹ. ಮುಳುಗಿ ನೂರು ವರ್ಷ ದಾಟಿದ ನೌಕಾವಶೇಷಗಳನ್ನು ವ್ಯಾಪಾರಕ್ಕೆ ಬಳಸಬಾರದೆಂದು 2001ರ ಯುನೆಸ್ಕೊ ಒಡಂಬಡಿಕೆ ಹೇಳುವುದೂ ಇದೇ ಕಾರಣಕ್ಕೆ.

ಆದ್ದರಿಂದ ನಾನು ಸರ್ಕಾರದಿಂದ ಬಯಸುವುದು ಕಾವಲುಗಾರರನ್ನು ಮಾತ್ರವಲ್ಲ. ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಆ ಊರಿನ ಶಾಸನ, ವೀರಗಲ್ಲು, ಪಾಳುಗುಡಿಗಳ ಪಟ್ಟಿ ಚಿತ್ರಸಹಿತ ಇರಲಿ. ಶಾಸನದ ಪಾಠವನ್ನು ಇಂದಿನ ಕನ್ನಡದಲ್ಲಿ ಬರೆದ ಫಲಕ ಅದರ ಪಕ್ಕದಲ್ಲೇ ನಿಲ್ಲಲಿ. ನಿಧಿಯ ಭ್ರಮೆಗೆ ಅದಕ್ಕಿಂತ ಒಳ್ಳೆಯ ಮದ್ದಿಲ್ಲ. ನೆಲ ಅಗೆಯುವಾಗ ಸಿಕ್ಕಿದ್ದನ್ನು ಪ್ರಾಮಾಣಿಕವಾಗಿ ಒಪ್ಪಿಸಿದ ರೈತ ಕಚೇರಿಯಿಂದ ಕಚೇರಿಗೆ ಅಲೆಯದೆ ಬಹುಮಾನ ಪಡೆಯುವಂತಾಗಲಿ. ಒಪ್ಪಿಸಿದ ವಸ್ತು ಖಜಾನೆಯ ಕತ್ತಲಲ್ಲಿ ಉಳಿಯದೆ ಜಿಲ್ಲೆಯ ವಸ್ತುಸಂಗ್ರಹಾಲಯಕ್ಕೆ ಬರಲಿ.

‘ಗೇರ್‌ಸೊಪ್ಪ’ದಿಂದ ಬೆಳ್ಳಿಯ ಜತೆ ಇನ್ನೊಂದೂ ಮೇಲೆ ಬಂತು: ಭಾರತದಲ್ಲಿದ್ದವರು ದೂರದ ತಮ್ಮವರಿಗೆ ಬರೆದು, ಎಂದೂ ತಲುಪದೇ ಹೋದ ಏಳುನೂರಕ್ಕೂ ಹೆಚ್ಚು ಪತ್ರಗಳು. ಬೆಳಕು, ಗಾಳಿ ಸೋಕದ ಆಳದಲ್ಲಿ ಅವು ಕೊಳೆಯದೆ ಉಳಿದಿದ್ದವು. 2018ರಲ್ಲಿ ಲಂಡನ್ನಿನ ಅಂಚೆ ವಸ್ತುಸಂಗ್ರಹಾಲಯ ಅವುಗಳ ಪ್ರದರ್ಶನ ನಡೆಸಿತು. ಸತ್ತ 85 ಜನರಲ್ಲಿ ಹೆಚ್ಚಿನವರು ‘ಲಸ್ಕರ್’ ಎಂದು ಕರೆಯಲಾಗುತ್ತಿದ್ದ ಭಾರತೀಯ ನಾವಿಕರು. ಬೆಳ್ಳಿಯ ಒಂದೊಂದು ಗಟ್ಟಿಗೂ ಇಂದು ಲೆಕ್ಕ ಸಿಗುತ್ತದೆ. ಆ ನಾವಿಕರು ಯಾವ ಊರಿನವರು, ಅವರ ಮನೆಯವರಿಗೆ ಏನು ತಲುಪಿತು ಎಂಬ ಲೆಕ್ಕವನ್ನು ಬೇರೆಯವರು ನಮಗಾಗಿ ಹುಡುಕಿಕೊಡುವುದಿಲ್ಲ. ನಮ್ಮ ವಿಶ್ವವಿದ್ಯಾಲಯಗಳು ಕೈಗೆತ್ತಿಕೊಳ್ಳಬೇಕಾದ ನಿಧಿಶೋಧ ಅದು.